ನಾಲ್ಕನೆಯ ದಿನದ ಆಕಾಶ

ಮೇಲಿನ ಹುಲ್ಲುಗಾವಲು
೧೪ ಜನವರಿ ೧೯೮೬

ಫ್ರೇಸಿಯಾ,

ನಾವು ಮೂವರೂ, ಮುನ್ನೂರ ಹನ್ನೊಂದು ಆಡುಗಳೂ, ಎರಡು ಕುದುರೆಗಳೂ ನೆಟ್ಟಗಿದ್ದೇವೆ. ಎಲ್ಲರಿಗಿಂತ ನೆಟ್ಟಗಿರುವವಳು ನಿನ್ನ ಮಗಳು. ವಯಸ್ಸು ಏಳು, ನಾಲಿಗೆಗೆ ಎಪ್ಪತ್ತು. ನಿನ್ನೆ ಪಕ್ಕದ ಬಯಲಿನ ಸೆಗುಂದೊ ಸೆರ್ದಾ ಬಂದಿದ್ದ. ಅವನು ಟೋಪಿ ತೆಗೆದದ್ದೇ ತಡ, ಮಿರ್ತಾ ಕೇಳಿದಳು: "ತಾತಾ, ಇವ್ರ ತಲೆ ಮೇಲಿನ ಹುಲ್ಲನ್ನ ನಮ್ಮ ಆಡೇ ಮೇಯ್ದಿದ್ದಾ?" ಅಪ್ಪ ನಕ್ಕು ನಕ್ಕು ಮಾಟೆ ಕಷಾಯ ನೆತ್ತಿಗೆ ಹತ್ತಿಸಿಕೊಂಡ. ಪಾಪದ ಸೆಗುಂದೊ, ಅದೇ ತಲೆ ಹೊತ್ತುಕೊಂಡು ಉಪ್ಪು ತರಲು ಊರಿಗೆ ಇಳಿಯುತ್ತಿದ್ದಾನೆ. ಈ ಕಾಗದ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ.

ಬೇಸಿಗೆ ಚೆನ್ನಾಗಿ ಏರಿದೆ. ಹುಲ್ಲು ಮೊಣಕಾಲುದ್ದ. ಅಪ್ಪ ಈ ವರ್ಷವೂ ದಿನ ಎಣಿಸಿದ. ಪಟ್ಟಣದ ನೀರು ಕುಡಿದು ನೀನು ಮರೆತಿದ್ದರೆ ನೆನಪಿಸುತ್ತೇನೆ: ಜನವರಿಯ ಮೊದಲ ದಿನ ಹೇಗೋ ಇಡೀ ಜನವರಿ ಹಾಗೆ, ಎರಡನೆಯ ದಿನ ಹೇಗೋ ಫೆಬ್ರವರಿ ಹಾಗೆ, ಹೀಗೆ ಹನ್ನೆರಡು ದಿನಕ್ಕೆ ಹನ್ನೆರಡು ತಿಂಗಳು. ಈಗ ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಯಾರಿಗೂ ಹೇಳಬೇಡ ಎಂದು ಗದರಿದ್ದಾನೆ, ನೀನೂ ಹೇಳಬೇಡ. ಬೆಳಗ್ಗೆ ಎದ್ದು ಬಾಗಿಲಲ್ಲಿ ನಿಂತು "ಏನ್ ಕಾಣ್ತದೆ ಹೇಳೇ" ಅನ್ನುತ್ತಾನೆ. ನಾನು ಹೇಳುತ್ತೇನೆ. ಅವನು ದಾರಕ್ಕೆ ಗಂಟು ಹಾಕುತ್ತಾನೆ, ಬಿಸಿಲಿಗೆ ಒಂದು ಬಗೆ, ಮೋಡಕ್ಕೆ ಇನ್ನೊಂದು. ನಾಲ್ಕನೆಯ ದಿನ ಬಿಸಿಲು. ಅಂದರೆ ಏಪ್ರಿಲ್ ಒಣಗಿರುತ್ತದೆ, ಚಳಿಗಾಲದ ಹಿಮ ಬೇಗ ಬೀಳುವುದಿಲ್ಲ. ಈ ಸಲ ಮಾರ್ಚ್ ಕೊನೆಗೇ ಇಳಿಯುವ ಗಡಿಬಿಡಿ ಬೇಡ, ಏಪ್ರಿಲ್ ಇಪ್ಪತ್ತರವರೆಗೆ ಮೇಯಿಸಿ ಆಡುಗಳ ಬೆನ್ನು ತುಂಬಿಸಿಕೊಂಡೇ ಹೋಗೋಣ ಎಂದು ಅಪ್ಪ ತೀರ್ಮಾನಿಸಿದ್ದಾನೆ.

ಮಿರ್ತಾಗೆ ಎರಡು ವರ್ಷವಿದ್ದಾಗ ನೀನು ಅವಳನ್ನು ನನ್ನ ಮಡಿಲಿಗೆ ಹಾಕಿ ಬಸ್ಸು ಹತ್ತಿದೆ. ಐದು ಬೇಸಿಗೆ ಕಳೆಯಿತು. ಈ ಸಲ ಕೆಳಗಿಳಿದ ಕೂಡಲೇ ಅವಳನ್ನು ನಿನಗೆ ಒಪ್ಪಿಸಬೇಕೆಂದು ಮಾತಾಗಿದೆ. ಮರೆತಿಲ್ಲ. ಅವಳಿಗೂ ಹೇಳಿದ್ದೇನೆ. "ಅಮ್ಮನ ಮನೇಲಿ ಆಡು ಐತಾ?" ಎಂದಳು. ಇಲ್ಲ ಎಂದೆ. "ಹಂಗಾದ್ರೆ ಅಲ್ಲಿ ಬೆಳಗ್ಗೆ ಎದ್ದು ಏನ್ ಮಾಡ್ತಾರೆ?" ಎಂದಳು. ಉತ್ತರ ನೀನೇ ಬರೆ.

ಎರ್ಸಿಲಿಯಾ


ನೆವ್ಕೆನ್
೬ ಫೆಬ್ರವರಿ ೧೯೮೬

ಅಕ್ಕಾ,

ಏಪ್ರಿಲ್ ಇಪ್ಪತ್ತೇ? ಶಾಲೆ ಮಾರ್ಚ್ ಹತ್ತಕ್ಕೆ ಶುರು. ಮೊದಲನೆಯ ತರಗತಿಗೆ ಹೆಸರು ಬರೆಸಿದ್ದೇನೆ, ಬಿಳಿ ಅಂಗಿ ಹೊಲಿಸಿದ್ದೇನೆ. ಅಳತೆ ಗೊತ್ತಿಲ್ಲದೆ ಎದುರು ಮನೆಯ ಹುಡುಗಿಯನ್ನು ನಿಲ್ಲಿಸಿ ಅಳೆಸಿದೆ. ನನ್ನ ಮಗಳ ಭುಜ ಎಷ್ಟಗಲ ಎಂದು ನನಗೇ ಗೊತ್ತಿಲ್ಲ ನೋಡು, ಆ ಸಂಕಟ ನಿನಗೆ ಅರ್ಥವಾಗಬೇಕು.

ಆಡುಗಳ ಜೊತೆ ಬರುವುದು ಬೇಡ. ಸೆಗುಂದೊ ಎರಡನೆಯ ಸಲ ಉಪ್ಪಿಗೆ ಇಳಿಯುತ್ತಾನಲ್ಲ, ಅವನ ಜೊತೆ ಕಳಿಸು. ಒಳ್ಳೆಯ ಮನುಷ್ಯ. ಮಾಯಿತೆನ್ ಊರಿನವರೆಗೆ ತಂದು ಉಬಾಲ್ದಿನಾಳ ಅಂಗಡಿಯಲ್ಲಿ ಕೂರಿಸಲಿ, ಅಲ್ಲಿಂದ ನಾನು ಕರೆದುಕೊಂಡು ಬರುತ್ತೇನೆ. ಹೋಟೆಲಿನ ಬಟ್ಟೆ ಒಗೆಯುವ ಕೆಲಸದಲ್ಲಿ ಎರಡು ದಿನ ರಜೆ ಕೇಳಿದ್ದೇನೆ.

ನಾವು ಇರುವ ಮನೆ ಚಿಕ್ಕದು, ಆದರೆ ಬೆಚ್ಚಗಿದೆ. ಮೊನ್ನೆ ನಾವು ಅವಳಿಗೆಂದು ಒಂದು ಮಂಚ ನೋಡಿ ಬಂದೆವು. ಅವಳು ಬೆಳಗ್ಗೆ ಎದ್ದು ಏನು ಮಾಡುತ್ತಾಳೆ ಅಂದರೆ, ಹಲ್ಲುಜ್ಜುತ್ತಾಳೆ, ನನ್ನ ಕೈಹಿಡಿದು ಶಾಲೆಗೆ ಹೋಗುತ್ತಾಳೆ. ಹಾಗೆಂದು ಹೇಳು.

ಅಪ್ಪನ ಕಣ್ಣಿನ ವಿಷಯ ಓದಿ ಅತ್ತೆ. ಆಡು ಮಾರಿಯಾದರೂ ವೈದ್ಯರಿಗೆ ತೋರಿಸಬಾರದೆ?

ಫ್ರೇಸಿಯಾ


ಮೇಲಿನ ಹುಲ್ಲುಗಾವಲು
೨೭ ಫೆಬ್ರವರಿ ೧೯೮೬

ಫ್ರೇಸಿಯಾ,

ಗಡಿ ಕಾವಲಿನವರು ನಿನ್ನ ಕಾಗದ ತಂದುಕೊಟ್ಟರು. ಈಗ ಹೊರಡುತ್ತಿದ್ದಾರೆ, ಕುದುರೆ ಕಾಲು ಕೆರೆಯುತ್ತಿದೆ. ಚಿಕ್ಕದಾಗಿ ಬರೆಯುತ್ತೇನೆ.

ಸೆಗುಂದೊ ಹೊರಟು ಹೋಗಿಬಿಟ್ಟ. ಹೋದ ವಾರವೇ. ನಿನ್ನ ಕಾಗದ ಐದು ದಿನ ಮುಂಚೆ ಬಂದಿದ್ದರೆ ಕಳಿಸಬಹುದಿತ್ತು. ಏನು ಮಾಡುವುದು, ಮಗು ನಮ್ಮ ಜೊತೆಗೇ ಆಡು ಹೊಡೆದುಕೊಂಡು ಇಳಿಯಲಿ. ಶಾಲೆ ಎಲ್ಲಿಗೂ ಓಡಿ ಹೋಗುವುದಿಲ್ಲ. ಅಕ್ಷರ ಕಲಿಸಲು ನಾನೇ ಶುರು ಮಾಡಿದ್ದೇನೆ. ಅಂಗಡಿಯಿಂದ ತಂದ ಪುಸ್ತಕದಲ್ಲಿ ತನ್ನ ಹೆಸರು, ತಾತನ ಹೆಸರು, ಕುದುರೆ ಮೋರಾಳ ಹೆಸರು ಬರೆಯುತ್ತಾಳೆ. ನಿನ್ನ ಹೆಸರು ಸ್ವಲ್ಪ ಕಷ್ಟ, ಕಲಿಯುತ್ತಾಳೆ.

ಭುಜದ ಅಳತೆ ಕಳಿಸುತ್ತಿದ್ದೇನೆ. ಈ ಉಣ್ಣೆ ದಾರದ ಒಂದು ಗಂಟಿನಿಂದ ಇನ್ನೊಂದು ಗಂಟಿನವರೆಗೆ.

ಒಂದು ಮಾತು. ನಿನ್ನ ಕಾಗದದಲ್ಲಿ "ನಾವು" ಎಂದು ಎರಡು ಸಲ ಬಂದಿದೆ. ನೀನೂ ಇನ್ನು ಯಾರು? ಒಬ್ಬಳೇ ಹೋಗಿ ಮಂಚ ನೋಡಿದರೆ "ನಾವು ನೋಡಿ ಬಂದೆವು" ಅನ್ನುವುದಿಲ್ಲ ತಂಗಿ. ಅಪ್ಪನಿಗೆ ಓದಿ ಹೇಳುವಾಗ ಅದನ್ನು "ನಾನು" ಮಾಡಿ ಓದಿದೆ. ಕಣ್ಣು ಕಾಣದವನಿಗೆ ಏನು ಓದಿದರೂ ನಡೆಯುತ್ತದೆ.

ಎರ್ಸಿಲಿಯಾ


ನೆವ್ಕೆನ್
೧೬ ಮಾರ್ಚ್ ೧೯೮೬

ಅಕ್ಕಾ,

ಪರವಾಗಿಲ್ಲ. ಏಪ್ರಿಲ್ ಅಂದರೆ ಏಪ್ರಿಲ್. ಶಾಲೆಯಲ್ಲಿ ಮಾತಾಡಿದ್ದೇನೆ, ತಡವಾದರೂ ಸೇರಿಸಿಕೊಳ್ಳುತ್ತಾರಂತೆ. ಇಲ್ಲಿ ಗೋಡೆಗೆ ಸುಣ್ಣ ಹೊಡೆಸುವುದಿದೆ, ಅದೂ ಮುಗಿಯಲಿ. ಹಸಿ ಗೋಡೆ ಮಗುವಿಗೆ ಒಳ್ಳೆಯದಲ್ಲ.

ದಾರದ ಅಳತೆ ನೋಡಿದೆ. ಅಂಗಿ ಚಿಕ್ಕದಾಗಿತ್ತು. ಬಿಚ್ಚಿ ಮತ್ತೆ ಹೊಲಿಸಿದೆ.

ಹೋಟೆಲಿನಲ್ಲಿ ಕೆಲಸ ಜಾಸ್ತಿ. ಇಷ್ಟೇ.

ಫ್ರೇಸಿಯಾ


ನೆವ್ಕೆನ್
೭ ಏಪ್ರಿಲ್ ೧೯೮೬

ಎರ್ಸಿಲಿಯಾ,

ಇದನ್ನು ಉಬಾಲ್ದಿನಾಳ ಅಂಗಡಿಗೆ ಕಳಿಸುತ್ತಿದ್ದೇನೆ. ನೀನು ಯಾವಾಗ ಓದುತ್ತೀಯೋ ಗೊತ್ತಿಲ್ಲ. ಓದುತ್ತೀಯೋ ಇಲ್ಲವೋ ಅದೂ ಗೊತ್ತಿಲ್ಲ.

ನಾಲ್ಕನೆಯ ತಾರೀಖಿನಿಂದ ಹಿಮ ಬರುತ್ತದೆ, ಹಿಮ ಬರುತ್ತದೆ ಎಂದು ರೇಡಿಯೊದವರು ಬಾಯಿ ಬಡಿದುಕೊಳ್ಳುತ್ತಿದ್ದಾರೆ. ಬೆಟ್ಟದವರಿಗೆ ಸಂದೇಶ ಓದುವ ಮಧ್ಯಾಹ್ನದ ಕಾರ್ಯಕ್ರಮದಲ್ಲಿ ನಾನೇ ಮೂರು ದಿನ ಹೇಳಿಸಿದೆ: "ಉರ್ರುತಿಯಾ ಕುಟುಂಬದವರೇ, ಕೂಡಲೇ ಕೆಳಗಿಳಿಯಿರಿ, ಫ್ರೇಸಿಯಾ." ನಿಮ್ಮ ಹತ್ತಿರ ರೇಡಿಯೊ ಇದೆ. ಬ್ಯಾಟರಿ ನಾನೇ ಕಳಿಸಿದ್ದೆ. ಮತ್ತೆ ಯಾಕೆ ಇಳಿಯಲಿಲ್ಲ? ಇವತ್ತು ಬೆಳಗ್ಗೆ ಗಾಳಿಬಾಗಿಲಿನ ಕಣಿವೆದಾರಿ ಹಿಮದಿಂದ ಮುಚ್ಚಿದೆ ಎಂದರು. ನನ್ನ ಮಗಳು ಆ ಕಣಿವೆಯ ಆಚೆಗಿದ್ದಾಳೆ.

ನೀನು ಬೇಕೆಂದೇ ಇಟ್ಟುಕೊಂಡೆ. ನನಗೆ ಗೊತ್ತು. ಒಂದೊಂದೇ ತಿಂಗಳು ಕದ್ದೆ. ಮಗು ನಿನ್ನನ್ನು ದೊಡ್ಡಮ್ಮ ಅನ್ನುತ್ತದೆ, ನಿನಗೆ ಅದು ಸಾಲಲಿಲ್ಲ. ಹಡೆಯದವಳಿಗೆ ಹಡೆದವಳ ಹೊಟ್ಟೆಯ ಉರಿ ಏನು ಗೊತ್ತು? ಅವಳಿಗೆ ಏನಾದರೂ ಆದರೆ ನಿನ್ನ ಮುಖ ನಾನು ನೋಡುವುದಿಲ್ಲ. ಶವವಾದರೂ ಸರಿ, ನೋಡುವುದಿಲ್ಲ.

ನಾಳೆ ಬಸ್ಸು ಹತ್ತುತ್ತೇನೆ.

ಫ್ರೇಸಿಯಾ


ಕಲ್ಲುಮನೆ, ಗಾಳಿಬಾಗಿಲಿನ ಕೆಳಗೆ
೮ ಏಪ್ರಿಲ್

ಫ್ರೇಸಿಯಾ,

ಇದನ್ನು ಒಯ್ಯಲು ಇಲ್ಲಿ ಯಾರೂ ಇಲ್ಲ. ಮಿರ್ತಾಳ ಪುಸ್ತಕ, ಮಿರ್ತಾಳ ಮೊಂಡು ಪೆನ್ಸಿಲ್. ಸುಮ್ಮನೆ ಕೂತರೆ ತಲೆ ಕೆಡುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಮೊನ್ನೆ ಸಂಜೆ ಗಾಳಿ ತಿರುಗಿ ದಕ್ಷಿಣದಿಂದ ಬೀಸತೊಡಗಿತು. ಬೆಳಗಾಗುವಷ್ಟರಲ್ಲಿ ಗುಡಿಸಲಿನ ಬಾಗಿಲು ಅರ್ಧ ಹೂತಿತ್ತು. ಅಲ್ಲೇ ಇದ್ದರೆ ಚಳಿಗಾಲ ಪೂರ್ತಿ ಹೂತುಹೋಗುತ್ತೇವೆಂದು ಅಪ್ಪ ಹೊರಡಿಸಿದ. ಮುಂದೆ ಮೋರಾ, ಅವಳ ಮೇಲೆ ಅಪ್ಪ. ಹಿಂದೆ ಹಿಮ ತುಳಿದು ದಾರಿ ಮಾಡಲು ದೊಡ್ಡ ಹೋತಗಳು. ಅವುಗಳ ಹಿಂದೆ ಮಂದೆ, ಹೊರೆ ಕುದುರೆಯ ಮೇಲೆ ಮಿರ್ತಾ, ಕೊನೆಗೆ ನಾನು. ಮಧ್ಯಾಹ್ನ ಮಗು ಕೈ ಜೋಮು ಹಿಡಿಯಿತೆಂದು ಅತ್ತಳು. ಇಳಿಸಿಕೊಂಡು ಕೈ ಉಜ್ಜುತ್ತಿದ್ದೆ, ಅಷ್ಟರಲ್ಲಿ ಕುದುರೆ ಕಾಲುಜಾರಿ ಹುರಿಹಿಟ್ಟಿನ ಚೀಲ, ಕಂಬಳಿಗಳ ಸಮೇತ ಕಮರಿಗೆ ಹೋಯಿತು. ಒಂದು ಸದ್ದೂ ಕೇಳಲಿಲ್ಲ. ಒಂದು ನಿಮಿಷ ತಡವಾಗಿದ್ದರೆ ಅವಳೂ ಹೋಗುತ್ತಿದ್ದಳು.

ಆಮೇಲೆ ನಡೆಯಲೇಬೇಕಾಯಿತು. ಹಿಮ ನನಗೆ ತೊಡೆಯವರೆಗೆ, ಅವಳಿಗೆ ಎದೆಯವರೆಗೆ. "ನಾನ್ ನೂರು ಎಣ್ಸೋವರ್ಗೂ ಹೊತ್ಕೋತೀನಿ, ನೀನ್ ಐವತ್ತು ಎಣ್ಸೋವರ್ಗೂ ನಡಿ" ಎಂದು ಒಪ್ಪಂದ ಮಾಡಿಕೊಂಡೆವು. ನಿನ್ನ ಮಗಳು ಕಳ್ಳಿ. ಇಪ್ಪತ್ತು ಆದ ಮೇಲೆ ನೇರ ಐವತ್ತಕ್ಕೆ ಹಾರುತ್ತಾಳೆ. ಗೊತ್ತಾದರೂ ಸುಮ್ಮನಿದ್ದು ಹೊತ್ತುಕೊಂಡೆ. ತೊರೆಯ ಹತ್ತಿರ ಅವಳು ನಡೆಯುವ ಸರದಿ. ಮೇಲೆ ಕಟ್ಟಿದ್ದ ತೆಳ್ಳನೆಯ ಮಂಜುಗಡ್ಡೆ ಒಡೆದು ಎಡಗಾಲು ಮೊಣಕಾಲಿನವರೆಗೆ ನೀರಿಗೆ ಹೋಯಿತು. ಬೂಟು ಅಲ್ಲೇ ಉಳಿಯಿತು. ನನ್ನ ಶಾಲು ಹರಿದು ಸುತ್ತಿದೆ.

ಕತ್ತಲಾಗುವಾಗ ಕಲ್ಲುಮನೆ ಸಿಕ್ಕಿತು. ಮೂರು ಗೋಡೆ, ಮೇಲೊಂದು ಬಂಡೆ. ನಾಲ್ಕನೆಯ ಗೋಡೆಯ ಜಾಗಕ್ಕೆ ಆಡುಗಳನ್ನು ಒತ್ತಿ ನಿಲ್ಲಿಸಿದ್ದೇವೆ. ಹಿಮ ನಿಂತಿಲ್ಲ.


೯ ಏಪ್ರಿಲ್

ಅಪ್ಪ ಹೋದ.

ಬೆಳಗ್ಗೆ ಎದ್ದವನೇ ಮೋರಾಗೆ ಜೀನು ಹಾಕಿದ. ಕಣ್ಣು ಕಾಣದಿದ್ದರೂ ಕೈ ಎಲ್ಲವನ್ನೂ ಹುಡುಕಿಕೊಂಡಿತು. "ಎಲ್ಲಿಗಪ್ಪ?" ಎಂದೆ. "ದಾರಿ ಹೊಡ್ಯಕ್ಕೆ. ಅವಳ ಎದೆ ಹಿಮ ಸೀಳ್ತದೆ, ನಾನು ಮ್ಯಾಲೆ ಕುಂತಿರ್ತೀನಿ ಅಷ್ಟೆ. ಗಾಳಿಬಾಗ್ಲು ದಾಟಿದ್ರೆ ಸೆಗುಂದೊನ ಚಳಿಗಾಲದ ಮನೆ, ಅವ್ನು ಮಾರ್ಚ್‌ನಾಗೇ ಇಳ್ದವ್ನೆ. ಜನ ಕರ್ಕೊಂಡು ಬತ್ತೀನಿ" ಎಂದ. "ನಿನಗೆ ಕಣ್ಣಿಲ್ಲ" ಎಂದೆ. "ಮೋರಾಗೈತೆ" ಎಂದ.

ಆಮೇಲೆ ಒಂದು ಕಾಲನ್ನು ಜೀನಿನ ರಿಕಾಪಿಗೆ ಇಟ್ಟು ನಿಂತುಬಿಟ್ಟ. ಹೇಳಿದ: "ಅರವತ್ ವರ್ಸದಾಗೆ ಒಂದ್ಸಲಾನೂ ಎಣಿಕೆ ತಪ್ಪಿರ್ನಿಲ್ಲ ಕಣೇ. ನಾನ್ ಕೆಟ್ಟೆ. ರೇಡಿಯೊದವ್ರು ಬಡ್ಕೊಂಡಾಗ ನಗಾಡ್ದೆ. ಆ ಮಗೀನ ನಾನೇ ಇಲ್ಲಿಗೆ ತಂದ್ ಹಾಕ್ದೆ. ತಪ್ಪು ನಂದು, ದಾರಿ ನಾನೇ ಹೊಡೀಬೇಕು."

ಫ್ರೇಸಿಯಾ, ಎಣಿಕೆ ತಪ್ಪಿರಲಿಲ್ಲ. ಜನವರಿ ನಾಲ್ಕರ ಬೆಳಗ್ಗೆ ಆಕಾಶ ಕಪ್ಪಗಿತ್ತು. ಬೆಟ್ಟದ ಬೆನ್ನೇ ಕಾಣದಷ್ಟು ಮೋಡ, ಅದೂ ಹಿಮ ತರುವ ದಕ್ಷಿಣದಿಂದ. ಅಪ್ಪ ಬಾಗಿಲಲ್ಲಿ ನಿಂತು "ಏನ್ ಕಾಣ್ತದೆ ಹೇಳೇ" ಎಂದ. ಮೋಡ ಎಂದರೆ ಮಾರ್ಚಿಗೇ ಇಳಿಯುತ್ತೇವೆ. ಮಾರ್ಚಿಗೆ ಇಳಿದರೆ ಮಾರ್ಚಿಗೇ ನೀನು ಅವಳನ್ನು ಕರೆದುಕೊಂಡು ಹೋಗುತ್ತೀಯ. ನಾನು "ಬಿಸಿಲಪ್ಪ, ಒಂದು ಚೂರೂ ಮೋಡ ಇಲ್ಲ" ಎಂದೆ. ಅಪ್ಪ ದಾರಕ್ಕೆ ಬಿಸಿಲಿನ ಗಂಟು ಹಾಕಿದ. ಒಂದು ತಿಂಗಳು ಸಿಕ್ಕಿತೆಂದು ಖುಷಿಪಟ್ಟೆ. ಸೆಗುಂದೊ ಹೊರಟು ಹೋದ ಎಂದದ್ದೂ ಸುಳ್ಳು.

ರೇಡಿಯೊದಲ್ಲಿ ನಿನ್ನ ಹೆಸರು ಬಂದಾಗಲಾದರೂ ಬಾಯಿ ಬಿಡಬಹುದಿತ್ತು. "ರೇಡಿಯೊ ಎಲ್ಲಿ ಕುಂತ್ ಮಾತಾಡ್ತದೆ? ಪಟ್ಟಣದಾಗೆ. ಆಕಾಸ ಇಲ್ಲೈತೆ" ಎಂದು ಅಪ್ಪ ನಕ್ಕ. ಆಗ "ಅಪ್ಪ, ನಾಲ್ಕನೇ ದಿನ ಮೋಡ ಇತ್ತು" ಎಂದು ಐದು ಮಾತು ಹೇಳಿದ್ದರೆ ಅದೇ ಗಳಿಗೆ ಹೊರಡಿಸುತ್ತಿದ್ದ. ನಾಚಿಕೆಯಾಯಿತು. ನಾಚಿಕೆಗಾಗಿ ಸುಮ್ಮನಿದ್ದೆ, ಅಷ್ಟೇ. ಎಣಿಕೆ ಸುಳ್ಳಾದರೂ ಆಗಬಹುದಲ್ಲ, ಹಿಮ ಬರದೆಯೂ ಇರಬಹುದಲ್ಲ ಎಂದು ಸಂತ ಸೆಬಾಸ್ತಿಯನ್‌ಗೆ ಹರಕೆ ಹೊತ್ತೆ.

ಇವತ್ತು ಅವನು ಜೀನಿನ ಮೇಲೆ ಕೂತಾಗಲೂ ಹೇಳಲಿಲ್ಲ. ಅವನು ಹಿಮದೊಳಗೆ ಮಸುಕಾದ ಮೇಲೆ ಓಡಿ ಕೂಗಿದೆ. "ಅಪ್ಪಾ, ನಾನ್ ಸುಳ್ ಹೇಳ್ದೆ" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು. ಅವನಿಗೆ ಕೇಳಿಸಿಲ್ಲ.


೧೦ ಏಪ್ರಿಲ್

ಅಪ್ಪ ಬಂದಿಲ್ಲ.

ರಾತ್ರಿ ಆಡುಗಳು ನಿಂತಲ್ಲೇ ಸತ್ತಿವೆ. ಎಷ್ಟು ಎಂದು ನೋಡಲಿಲ್ಲ. ಸತ್ತವೂ ಬಿದ್ದಿಲ್ಲ, ಪಕ್ಕದವುಗಳಿಗೆ ಒರಗಿಕೊಂಡೇ ಇವೆ.

ಬೆಳಗ್ಗೆ ಮಿರ್ತಾ ಎದ್ದು "ದೊಡ್ಡಮ್ಮ, ನನ್ ಕಾಲ್ ಎಲ್ಲೋಯ್ತು?" ಎಂದಳು. ಇಲ್ಲೇ ಇದೆಯಲ್ಲ ಎಂದು ಹಿಡಿದು ತೋರಿಸಿದೆ. "ಅದು ನಂದಲ್ಲ" ಎಂದಳು. ಶಾಲು ಬಿಚ್ಚಿ ನೋಡಿದೆ. ಬೆರಳು ಮೇಣದ ಹಾಗೆ ಬೆಳ್ಳಗಿವೆ. ಉಗುರು ಒತ್ತಿದರೂ ಅವಳಿಗೆ ಗೊತ್ತಾಗುತ್ತಿಲ್ಲ. ಅಜ್ಜಿ ಹೇಳುತ್ತಿದ್ದಂತೆ ಮಾಡಿದೆ. ಒಂದು ಆಡು ಕೊಯ್ದು ಬಿಸಿ ಹೊಟ್ಟೆಯೊಳಗೆ ಅವಳ ಎರಡೂ ಕಾಲು ಇಟ್ಟು ಒತ್ತಿ ಹಿಡಿದೆ. ಅದು ಆರಿದ ಮೇಲೆ ಇನ್ನೊಂದು. ಮಧ್ಯಾಹ್ನದವರೆಗೆ ಐದು. ಪ್ರತಿ ಆಡಿನ ಹೆಸರೂ ಅವಳಿಗೆ ಗೊತ್ತು, ಅದಕ್ಕೇ ಕಣ್ಣು ಮುಚ್ಚಿಕೊ ಎಂದೆ. "ಇದು ಬಿಳಿಕಿವಿ ಅಲ್ಲ ತಾನೆ?" ಎನ್ನುತ್ತಾಳೆ. ಅಲ್ಲ ಎನ್ನುತ್ತೇನೆ. ಸುಳ್ಳು ಹೇಳುವುದು ನನಗೆ ಕಷ್ಟವೇ ಅಲ್ಲ ಎಂದು ನಿನಗೆ ಈಗ ಗೊತ್ತು.

ಐದನೆಯದರ ಹೊತ್ತಿಗೆ ನೋವು ಶುರುವಾಯಿತು. ಚೀರಿದಳು. ಅವಳು ಚೀರಿದ್ದು ಕೇಳಿ ನಾನು ದೇವರಿಗೆ ಕೈ ಮುಗಿದೆ. ಬಲಗಾಲು ಕೆಂಪಾಗಿದೆ. ಎಡಗಾಲಿನ ಮೂರು ಬೆರಳು ಇನ್ನೂ ಬೆಳ್ಳಗೇ ಇವೆ. ಅವು ಉಳಿಯುವುದಿಲ್ಲ ಅನಿಸುತ್ತದೆ. ದೇವರೇ, ನನ್ನವನ್ನು ತೆಗೆದುಕೊ, ನನ್ನ ಎರಡೂ ಕಾಲು ತೆಗೆದುಕೊ.


೧೧ ಏಪ್ರಿಲ್

ಪೆನ್ಸಿಲ್ ಹಿಡಿಯಲು ಆಗುತ್ತಿಲ್ಲ. ಹಿಮ ನಿಂತಿದೆ, ಬಿಸಿಲು ಬಂದಿದೆ, ಕಣ್ಣು ಬಿಡಲಾಗುತ್ತಿಲ್ಲ. ಬೆಳಕು ಕುಕ್ಕದಿರಲೆಂದು ಬಂಡೆಗೆ ಹಿಡಿದಿದ್ದ ಹಳೆಯ ಮಸಿಯನ್ನು ಕಣ್ಣ ಸುತ್ತ ಬಳಿದಿದ್ದೇನೆ, ಅವಳಿಗೂ ನನಗೂ. ಅವಳನ್ನು ನನ್ನ ಅಂಗಿಯೊಳಗೆ ಹಾಕಿಕೊಂಡಿದ್ದೇನೆ. ಮಾತು ಕಡಿಮೆಯಾಗಿದೆ. ನಿದ್ದೆ ಮಾಡಬೇಡ ಎಂದು ಹೊಡೆದೆ. ಐದು ವರ್ಷದಲ್ಲಿ ಮೊದಲ ಸಲ ಹೊಡೆದೆ.

ನಾವು ಇಲ್ಲೇ ಸಿಕ್ಕಿದರೆ ಅವಳನ್ನು ನನ್ನಿಂದ ಬಿಡಿಸಿ ಒಯ್ಯಿರಿ. ಅವಳು ನಿನ್ನವಳು.


ಮಾಯಿತೆನ್, ಉಬಾಲ್ದಿನಾಳ ಅಂಗಡಿ
೧೨ ಏಪ್ರಿಲ್, ಬೆಳಗ್ಗೆ

ಅಕ್ಕಾ,

ಈ ಚೀಟಿ ಸೆಗುಂದೊನ ಕೈಯಲ್ಲಿ. ನಿನ್ನೆ ಸಂಜೆ ಮೋರಾ ಒಂಟಿಯಾಗಿ ಅವನ ಬಾಗಿಲಿಗೆ ಬಂತು. ಜೀನು ಖಾಲಿ. ಅದು ಸೀಳಿಕೊಂಡು ಬಂದ ದಾರಿ ಹಿಡಿದು ಹನ್ನೊಂದು ಜನ ಹತ್ತುತ್ತಿದ್ದಾರೆ. ನನ್ನನ್ನು ಬಿಡಲಿಲ್ಲ. "ನಿನ್ನನ್ನ ಹೊರೋಕೆ ಇನ್ನೊಬ್ರು ಬೇಕಾಗ್ತದೆ, ಇಲ್ಲೇ ನೀರು ಕಾಯಿಸ್ಕೊಂಡು ಕೂತಿರಮ್ಮ" ಎಂದು ಸೆಗುಂದೊ ಗದರಿದ. ನಿನ್ನೆ ರಾತ್ರಿಯಿಂದ ನೀರು ಕಾಯಿಸುತ್ತಿದ್ದೇನೆ.

ಜೀವ ಹಿಡಿದುಕೊಂಡಿರಿ. ಮಿರ್ತಾ, ಅಮ್ಮ ಇಲ್ಲಿದ್ದೇನೆ. ಅಪ್ಪಾ, ಬೈಯಲು ಬಂದಿಲ್ಲ ನಾನು.

ಅಕ್ಕಾ, ಏಳನೆಯ ತಾರೀಖು ನಿನಗೊಂದು ಕಾಗದ ಬರೆದಿದ್ದೆ. ವಾಪಸು ಕೇಳಿದೆ. ಉಬಾಲ್ದಿನಾಳ ಗಂಡ ಆಗಲೇ ನಿಮ್ಮ ಚಳಿಗಾಲದ ಮನೆಯ ಬಾಗಿಲ ಸಂದಿಯಿಂದ ಒಳಗೆ ಹಾಕಿದ್ದಾನೆ. ಅದನ್ನು ಓದಬೇಡ. ದಮ್ಮಯ್ಯ, ಒಲೆಗೆ ಹಾಕು.

ಫ್ರೇಸಿಯಾ


ಚಳಿಗಾಲದ ಮನೆ, ಮಾಯಿತೆನ್
೩ ಮೇ ೧೯೮೬

ಫ್ರೇಸಿಯಾ,

ಓದಿದೆ. ಹಡೆಯದವಳಿಗೆ ಏನು ಗೊತ್ತು ಎಂದು ಬರೆದಿದ್ದೀಯ. ನೀನು ಬೈದದ್ದರಲ್ಲಿ ಆ ಒಂದು ಮಾತು ಬಿಟ್ಟು ಉಳಿದದ್ದೆಲ್ಲ ನಿಜ. ಅದಕ್ಕೇ ಒಲೆಗೆ ಹಾಕಲಿಲ್ಲ.

ಸೆಗುಂದೊ ಮಗುವನ್ನು ಅಂಗಿಯೊಳಗೆ ಕಟ್ಟಿಕೊಂಡು ಮೊದಲು ಇಳಿದ. ನನ್ನನ್ನು ಹಲಗೆಗೆ ಕಟ್ಟಿ ಮಾರನೆಯ ದಿನ ತಂದರು, ಅಷ್ಟರಲ್ಲಿ ನಿಮ್ಮ ಆಂಬುಲೆನ್ಸ್ ಹೊರಟು ಹೋಗಿತ್ತು. ಒಳ್ಳೆಯದೇ ಆಯಿತು. ನಿನ್ನ ಎದುರು ನಿಲ್ಲುವ ಮುಖ ನನಗಿರಲಿಲ್ಲ.

ಅಪ್ಪ ಗಾಳಿಬಾಗಿಲು ದಾಟಿದ್ದ. ಆಚೆ ಬದಿಯ ಇಳಿಜಾರಿನಲ್ಲಿ ಬಂಡೆಗೆ ಒರಗಿ ಕೂತಿದ್ದ. ಸುತ್ತಲಿನ ಹಿಮ ಗೊರಸು ತುಳಿದು ಕಲ್ಲಾಗಿತ್ತಂತೆ. ಮೋರಾ ಒಂದು ಹಗಲು ಒಂದು ರಾತ್ರಿ ಅವನನ್ನು ಬಿಟ್ಟು ಹೋಗಿರಲಿಲ್ಲ. ಆಮೇಲೆ ಮನೆ ಹುಡುಕಿಕೊಂಡು ಹೊರಟಿತು. ಅವನು ಹೊಡೆದ ದಾರಿಯಲ್ಲೇ ಜನ ಬಂದು ಮಿರ್ತಾಳನ್ನು ಎತ್ತಿಕೊಂಡರು. ಊರಲ್ಲಿ ಎಲ್ಲರೂ ಅದನ್ನೇ ಹೇಳುತ್ತಾರೆ. ಜೊತೆಗೆ ಇನ್ನೊಂದನ್ನೂ ಹೇಳುತ್ತಾರೆ: "ಪಾಪ, ಮುದುಕ ದಿನ ಎಣಿಸೋದ್ರಲ್ಲಿ ಎಡವಿಬಿಟ್ಟ." ಮಣ್ಣಿಗೆ ಬಂದವರು ನನ್ನ ಕೈ ಹಿಡಿದು ಅದನ್ನೇ ಅಂದರು. ನಾನು ತಲೆಯಾಡಿಸಿದೆ. ಮೂರು ವಾರದಿಂದ ತಲೆಯಾಡಿಸುತ್ತಿದ್ದೇನೆ. ಇನ್ನು ನನ್ನಿಂದಾಗುವುದಿಲ್ಲ.

ಕಲ್ಲುಮನೆಯಲ್ಲಿ ಬರೆದ ಪುಟಗಳು ಇದರ ಜೊತೆಗಿವೆ. ಹರಿದು ಹಾಕಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಓದು. ಓದಿದ ಮೇಲೆ ಬೇಕಾದರೆ ಉಬಾಲ್ದಿನಾಳಿಗೆ ಬರೆದು ಊರಿಗೆಲ್ಲ ಸಾರಿಸು, ಅಪ್ಪನ ಹೆಸರು ತಿಳಿಯಾಗಲಿ. ಒಂದು ಭಾನುವಾರ ನಾನೇ ಚರ್ಚಿನ ಬಾಗಿಲಲ್ಲಿ ನಿಂತು ಹೇಳಬೇಕೆಂದಿದ್ದೇನೆ. ಮೊದಲು ನಿನಗೆ ತಿಳಿಯಬೇಕಿತ್ತು.

ಆಡು ನಲವತ್ತು ಉಳಿದಿವೆ. ಮಿರ್ತಾ ಕೇಳಿದರೆ ಬಿಳಿಕಿವಿ ಇಲ್ಲ ಎಂದು ಹೇಳಿಬಿಡು. ಇನ್ನು ಅವಳಿಗೆ ಸುಳ್ಳು ಹೇಳುವುದು ಬೇಡ.

ಎರ್ಸಿಲಿಯಾ


ನೆವ್ಕೆನ್
೧೯ ಮೇ ೧೯೮೬

ಅಕ್ಕಾ,

ಓದಿದೆ. ಮೊದಲ ಸಲ ಓದಿ ಪುಟಗಳನ್ನು ಮುದುರಿ ಎಸೆದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಯಾರಿದ್ದಾರೆ ಯಾರಿಲ್ಲ ಎಂದು ನೋಡದೆ ನಿನ್ನನ್ನು ಬೈದೆ. ಆಮೇಲೆ ಹೋಗಿ ಹೆಕ್ಕಿಕೊಂಡೆ.

ಈಗ ನನ್ನದು ಕೇಳು. ಸೆಗುಂದೊ ಹೊರಟು ಹೋದ ಎಂದು ನೀನು ಬರೆದಾಗಲೇ ಅದು ಸುಳ್ಳು ಎಂದು ನನಗೆ ಗೊತ್ತಿತ್ತು. ಸೆಗುಂದೊ ಎರಡನೆಯ ಉಪ್ಪಿಗೆ ಇಳಿಯುವುದು ಯಾವತ್ತೂ ಮಾರ್ಚ್ ಮೊದಲ ವಾರ. ನಾನೂ ಆ ಬೆಟ್ಟದಲ್ಲೇ ಬೆಳೆದವಳು ಕಣೇ. ಗೊತ್ತಿದ್ದೂ "ಪರವಾಗಿಲ್ಲ" ಎಂದು ಬರೆದೆ, ಯಾಕೆಂದರೆ ನನಗೂ ಅದೇ ಬೇಕಾಗಿತ್ತು. ರೂಬೆನ್ ಎಂಬವನ ಜೊತೆ ಎರಡು ವರ್ಷದಿಂದ ಇದ್ದೇನೆ. ನನಗೆ ಮಗಳಿದ್ದಾಳೆಂದು ಅವನಿಗೆ ಹೇಳಿರಲಿಲ್ಲ. ಮಂಚ ಅಕ್ಕನ ಮಗಳಿಗೆ, ಓದಲು ಬರುತ್ತಾಳೆ ಎಂದಿದ್ದೆ. ಗೋಡೆಗೆ ಸುಣ್ಣ ಹೊಡೆಸುವುದು ಏನೂ ಇರಲಿಲ್ಲ. ಹೇಳಲು ಇನ್ನೊಂದು ತಿಂಗಳು ಸಿಕ್ಕಿತೆಂದು ನಿಟ್ಟುಸಿರು ಬಿಟ್ಟೆ. ಕೊನೆಗೆ ಆಸ್ಪತ್ರೆಯಲ್ಲಿ ಹೇಳಿದೆ, ಎರಡು ನಿಮಿಷವೂ ಹಿಡಿಯಲಿಲ್ಲ. ಅವನು ಎದ್ದು ಹೋದ, ಬಿಟ್ಟೇ ಹೋದ ಅಂದುಕೊಂಡೆ. ಸಂಜೆ ಅವಳಿಗೆ ಒಂದು ಜೊತೆ ಉಣ್ಣೆಯ ಚಪ್ಪಲಿ ತಂದ. ಎರಡು ನಿಮಿಷದ ಮಾತಿಗೆ ಹೆದರಿ ನಾನು ಮಗುವನ್ನು ಹಿಮಕ್ಕೆ ಬಿಟ್ಟೆ. ಅಪ್ಪನನ್ನು ಕೊಂದದ್ದರಲ್ಲಿ ನನ್ನ ಪಾಲೂ ಇದೆ, ಪೂರ್ತಿ ನಿನ್ನದೇ ಎಂದು ಹೊತ್ತುಕೊಂಡು ಕೂರಬೇಡ.

ಎಡಗಾಲಿನ ಮೂರು ಬೆರಳು ತೆಗೆದಿದ್ದಾರೆ. ನಡೆಯುತ್ತಾಳಂತೆ, ನಿಧಾನವಾಗಿ. ಆದರೆ ಗಾಯ ದಿನವೂ ಬಿಚ್ಚಿ ತೊಳೆಯಬೇಕು, ಅವಳು ಮುಟ್ಟಗೊಡುವುದಿಲ್ಲ. ಇಬ್ಬರು ಹಿಡಿದುಕೊಳ್ಳಬೇಕು. ನಿನ್ನೆ ನರ್ಸಿನ ಕೈ ಕಚ್ಚಿದಳು. "ದೊಡ್ಡಮ್ಮ ಬಂದ್ ಬಿಚ್ಲಿ" ಎನ್ನುತ್ತಾಳೆ, ಬೇರೆ ಮಾತೇ ಇಲ್ಲ. ನಾನು ಅಮ್ಮ ಎಂದೆ. "ಗೊತ್ತು" ಎಂದಳು. ಹೀಗೇ ಆದರೆ ಕೀವು ಮೇಲೇರಿ ಪಾದವನ್ನೇ ತೆಗೆಯಬೇಕಾಗುತ್ತದೆ ಎಂದು ವೈದ್ಯರು ಇವತ್ತು ಹೇಳಿದರು.

ನಾನು ನಿನ್ನನ್ನು ಕ್ಷಮಿಸಿಲ್ಲ. ಕ್ಷಮಿಸುತ್ತೇನೋ ಇಲ್ಲವೋ ಗೊತ್ತಿಲ್ಲ, ಕೇಳಬೇಡ. ಗುರುವಾರದ ಬಸ್ಸಿಗೆ ಬಾ. ಚರ್ಚಿನಲ್ಲಿ ಹೇಳುವುದಿದ್ದರೆ ಹೇಳಿಯೇ ಬಾ, ಹೇಳದಿದ್ದರೂ ಬಾ. ರೂಬೆನ್ ನಿಲ್ದಾಣದಲ್ಲಿ ಇರುತ್ತಾನೆ.

ಅವಳು ನನ್ನ ಕಡೆಗೆ ಕಾಲು ಚಾಚುತ್ತಿಲ್ಲ.

ಫ್ರೇಸಿಯಾ